ಟೋಕೈ ದ್ರಾಕ್ಷಿ ಸೀಮೆಗೆ ಹೊರಟವರ ಪ್ರಶ್ನೆಗಳು

ಹಂಗೇರಿಯ ಈಶಾನ್ಯದಲ್ಲಿ, ಜೆಂಪ್ಲೇನ್ ಬೆಟ್ಟಗಳ ಬುಡಕ್ಕೆ ಹಬ್ಬಿರುವ ಟೋಕೈ ಸೀಮೆಯ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ವೈನ್ ಕುಡಿಯುವವರೂ ಕೇಳಿದ್ದಾರೆ, ಮುಟ್ಟದವರೂ ಕೇಳಿದ್ದಾರೆ. ಇಬ್ಬರಿಗೂ ಅಲ್ಲಿ ನೋಡಲು ಸಾಕಷ್ಟಿದೆ.

ಪ್ರಶ್ನೆ: ಆಫೀಸ್ ಕೆಲಸದ ಮೇಲೆ ಬುಡಾಪೆಸ್ಟ್‌ಗೆ ಹೋಗುತ್ತಿದ್ದೇನೆ. ವಾರಾಂತ್ಯ ಬಿಡುವಿದೆ. ಶನಿವಾರ ಬೆಳಗ್ಗೆ ಹೋಗಿ ರಾತ್ರಿಯೇ ವಾಪಸ್ ಬರುವ ಹಾಗೆ ಟೋಕೈ ನೋಡಬಹುದೇ?
— ಬೆಂಗಳೂರಿನ ಓದುಗರು

ನೋಡಬಹುದು, ಆದರೆ ನಾವು ಬೇಡ ಎನ್ನುತ್ತೇವೆ. ಬುಡಾಪೆಸ್ಟ್‌ನ ಕೆಲೆತಿ ನಿಲ್ದಾಣದಿಂದ ಮಿಶ್ಕೋಲ್ತ್ಸ್, ಸೆರೆಂಚ್ ಮೂಲಕ ಟೋಕೈಗೆ ರೈಲಿನಲ್ಲಿ ಎರಡೂವರೆಯಿಂದ ಮೂರು ಗಂಟೆ ಬೇಕು. ಹೋಗಿ ಬರಲು ಆರು ಗಂಟೆ ಕಳೆದರೆ ವೈನ್ ಇಡುವ ಒಂದು ನೆಲಮಾಳಿಗೆ, ಒಂದು ಊಟ, ಅಷ್ಟಕ್ಕೇ ದಿನ ಮುಗಿಯುತ್ತದೆ. ಈ ಸೀಮೆಯ ನಿಜವಾದ ಸೊಗಸು ಬೆಳಗಿನ ಹೊತ್ತಿನಲ್ಲಿದೆ: ಬೊದ್ರೊಗ್ ನದಿಯ ಮೇಲಿಂದ ಮಂಜು ಎದ್ದು ದ್ರಾಕ್ಷಿ ಸಾಲುಗಳ ಮೇಲೆ ಹರಡುತ್ತದೆ, ಬಿಸಿಲೇರಿದಂತೆ ಕರಗುತ್ತದೆ. ಹಗಲು ರೈಲಿನಲ್ಲಿ ಬಂದಿಳಿಯುವವರಿಗೆ ಅದು ಸಿಗುವುದಿಲ್ಲ. ಶುಕ್ರವಾರ ಸಂಜೆಯೇ ರೈಲು ಹತ್ತಿ, ಎರಡು ರಾತ್ರಿ ಉಳಿದು, ಭಾನುವಾರ ಮಧ್ಯಾಹ್ನ ಹೊರಡಿ.

ಒಂದೇ ದಿನ ಬಿಡುವಿದ್ದರೆ ಎಗರ್ ಊರಿಗೆ ಹೋಗುವುದು ಜಾಣತನ. ಬುಡಾಪೆಸ್ಟ್‌ನಿಂದ ಸುಮಾರು 130 ಕಿ.ಮೀ., ರೈಲಿನಲ್ಲಿ ಎರಡು ಗಂಟೆ. 1552ರಲ್ಲಿ ಆಟೊಮನ್ ಸೈನ್ಯದ ಮುತ್ತಿಗೆಯನ್ನು ತಡೆದ ಕೋಟೆ ಊರ ನಡುವೆಯೇ ಇದೆ. ಕೆಂಪು ವೈನ್‌ನ ನೆಲಮಾಳಿಗೆಗಳು ಸಾಲಾಗಿರುವ ಕಣಿವೆಗೆ ಅಲ್ಲಿಂದ ನಡೆದೇ ಹೋಗಬಹುದು.

ಟೋಕೈಗೆ ಟಿಕೆಟ್ ಕೊಳ್ಳುವಾಗ ಒಂದು ವಿಷಯ ಗಮನಿಸಿ. ಬುಡಾಪೆಸ್ಟ್‌ನ ನ್ಯುಗತಿ ನಿಲ್ದಾಣದಿಂದ ಡೆಬ್ರೆತ್ಸೆನ್ ಮೂಲಕ ಸುತ್ತಿ ಬರುವ ದಾರಿಯನ್ನೂ ಆ್ಯಪ್ ತೋರಿಸಬಹುದು. ಅದು ಹೆಚ್ಚು ಹೊತ್ತಿನ ದಾರಿ. ಮಿಶ್ಕೋಲ್ತ್ಸ್ ಮೂಲಕ ಹೋಗುವುದನ್ನೇ ಆರಿಸಿಕೊಳ್ಳಿ. ಸೆರೆಂಚ್ ಈ ಸೀಮೆಯ ಜಂಕ್ಷನ್: ಟೋಕೈ ಒಂದು ಕಡೆ, ಶಾರೋಶ್‌ಪಟಕ್ ಇನ್ನೊಂದು ಕಡೆ, ಮಾಡ್ ಎಂಬ ಹಳ್ಳಿ ಮತ್ತೊಂದು ಕಡೆ. ಹತ್ತುವ ಮುಂಚೆ ಬೋರ್ಡಿನಲ್ಲಿ ಕೊನೆಯ ನಿಲ್ದಾಣದ ಹೆಸರು ನೋಡಿ. ಟೋಕೈ ನಿಲ್ದಾಣದಿಂದ ಊರ ನಡುವಿನ ಕೊಶುತ್ ಚೌಕಕ್ಕೆ ಹದಿನೈದು-ಇಪ್ಪತ್ತು ನಿಮಿಷದ ನಡಿಗೆ. ಹೊರಗೆ ನಮ್ಮ ಊರಿನ ಹಾಗೆ ಆಟೊಗಳ ಸಾಲು ಇರುವುದಿಲ್ಲ. ಭಾರದ ಪೆಟ್ಟಿಗೆ ಇದ್ದರೆ ವಸತಿಯವರಿಗೆ ಮೊದಲೇ ಬರೆದು ಟ್ಯಾಕ್ಸಿ ಹೇಳಿಸಿ.

ಇನ್ನು ಹಣ. ಹಂಗೇರಿ ಷೆಂಗೆನ್ ವೀಸಾದ ದೇಶ, ಆದರೆ ನಾಣ್ಯ ಯೂರೊ ಅಲ್ಲ, ಫೋರಿಂಟ್. ಕಾರ್ಡ್ ಬಹುತೇಕ ಕಡೆ ನಡೆಯುತ್ತದೆ. ಹಳ್ಳಿಯ ಮನೆಯವರೇ ನಡೆಸುವ ಸಣ್ಣ ನೆಲಮಾಳಿಗೆಗಳಿಗೆ ಒಂದಿಷ್ಟು ನಗದು ಕೈಯಲ್ಲಿರಲಿ. ಎಟಿಎಂ ಯಂತ್ರ ‘ರೂಪಾಯಿ ಲೆಕ್ಕದಲ್ಲಿ ಕಡಿತ ಮಾಡಲೇ’ ಎಂದು ಕೇಳಿದರೆ ಬೇಡ ಎನ್ನಿ. ಆ ವಿನಿಮಯ ದರ ಯಾವಾಗಲೂ ನಿಮಗೆ ನಷ್ಟದ್ದು.

ಪ್ರಶ್ನೆ: ನಮ್ಮದು ಹನ್ನೆರಡು ಎಕರೆ ದ್ರಾಕ್ಷಿ ತೋಟ. ನಮ್ಮ ಕಡೆ ಗೊನಿಗೆ ಬೂಷ್ಟು ಹತ್ತಿದರ ಬೆಳಿ ಹೋತು ಅಂತನ ಲೆಕ್ಕ. ಟೋಕೈದಾಗ ಬೂಷ್ಟು ಹತ್ತಿದ ಹಣ್ಣಿಗೇ ಹೆಚ್ಚು ರೊಕ್ಕ ಅಂತಾರ. ಅದು ಹೆಂಗ?
— ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರು

ಟೋಕೈಯನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಆ ಬೂಷ್ಟಿನ ಹೆಸರು ಬೊಟ್ರೈಟಿಸ್ ಸಿನೆರಿಯಾ. ದ್ರಾಕ್ಷಿಗೂ ಸ್ಟ್ರಾಬೆರಿಗೂ ಬೂದು ಬಣ್ಣದ ಕೊಳೆ ತರುವ ಶಿಲೀಂಧ್ರವೇ ಅದು, ಬೇರೆ ಜಾತಿಯದಲ್ಲ. ಕೊಳೆಯಾಗುತ್ತದೋ ಸಂಪತ್ತಾಗುತ್ತದೋ ಎಂಬುದನ್ನು ತೀರ್ಮಾನಿಸುವುದು ಹವೆ.

ಶಿಲೀಂಧ್ರ ಹಣ್ಣಿನ ಸಿಪ್ಪೆಯೊಳಗೆ ಇಳಿಯಲು ತೇವ ಬೇಕು. ಟೋಕೈ ಊರಿನಲ್ಲಿ ಬೊದ್ರೊಗ್ ನದಿ ತಿಸಾ ನದಿಯನ್ನು ಸೇರುತ್ತದೆ. ಶರತ್ಕಾಲದ ಬೆಳಗ್ಗೆ ಅಲ್ಲಿಂದ ಏಳುವ ಮಂಜು ಆ ತೇವ ಕೊಡುತ್ತದೆ, ಸಿಪ್ಪೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಾಗುತ್ತವೆ. ತೇವ ಇಡೀ ದಿನ ನಿಂತರೆ ಶಿಲೀಂಧ್ರ ಒಳಗೆಲ್ಲ ಹಬ್ಬಿ ಹಣ್ಣು ಒಡೆಯುತ್ತದೆ, ವಿನೆಗರ್ ಬ್ಯಾಕ್ಟೀರಿಯಾ ಸೇರುತ್ತವೆ, ಗೊನೆ ಹೋಯಿತು. ನಿಮ್ಮಲ್ಲಿ ಅಕಾಲದ ಮಳೆಯಲ್ಲಿ ಆಗುವುದು ಇದೇ. ಟೋಕೈಯ ಬೆಟ್ಟದ ದಕ್ಷಿಣ ಇಳಿಜಾರಿನಲ್ಲಿ ಮಧ್ಯಾಹ್ನದ ಬಿಸಿಲೂ ಒಣಗಾಳಿಯೂ ಬೂಷ್ಟಿನ ಓಟವನ್ನು ತಡೆಯುತ್ತವೆ. ಆ ಸಣ್ಣ ತೂತುಗಳಿಂದ ಹಣ್ಣಿನ ನೀರು ಆರಿಹೋಗುತ್ತದೆ. ಹೀಗೆ ವಾರಗಟ್ಟಲೆ ನಡೆದರೆ ಕಾಯಿ ಗಿಡದಲ್ಲೇ ಸುಕ್ಕುಗಟ್ಟಿ, ಕಂದು-ನೇರಳೆ ಬಣ್ಣಕ್ಕೆ ತಿರುಗಿ ನಿಮ್ಮ ಮಣೂಕದಂತಾಗುತ್ತದೆ. ಶಿಲೀಂಧ್ರ ಒಂದಿಷ್ಟು ಸಕ್ಕರೆ, ಒಂದಿಷ್ಟು ಹುಳಿ ತಿನ್ನುತ್ತದೆ ನಿಜ, ಆದರೆ ನೀರು ಅದಕ್ಕಿಂತ ಎಷ್ಟೋ ಹೆಚ್ಚು ಕಳೆದುಹೋಗುವುದರಿಂದ ಉಳಿದ ರಸದಲ್ಲಿ ಸಕ್ಕರೆ, ಹುಳಿ, ಪರಿಮಳ ಮೂರೂ ಗಟ್ಟಿಯಾಗುತ್ತವೆ. ಜೊತೆಗೆ ಗ್ಲಿಸರಾಲ್ ಹುಟ್ಟಿ ರಸಕ್ಕೆ ಎಣ್ಣೆಯಂಥ ನುಣುಪು ಬರುತ್ತದೆ. ನೀವು ಶೆಡ್ಡಿನಲ್ಲಿ ಒಣಗಿಸಿದಾಗ ನೀರು ಮಾತ್ರ ಹೋಗುತ್ತದೆ, ಈ ರುಚಿಯ ಬದಲಾವಣೆ ಆಗುವುದಿಲ್ಲ.

ತಳಿಯ ಪಾತ್ರವೂ ದೊಡ್ಡದು. ಟೋಕೈಯಲ್ಲಿ ಆರು ಬಿಳಿ ತಳಿಗಳಿಗೆ ಮಾತ್ರ ಅನುಮತಿ: ಫುರ್ಮಿಂಟ್, ಹಾರ್ಶ್‌ಲೆವೆಲ್ಯೂ, ಹಳದಿ ಮಸ್ಕಟ್, ಜೇಟಾ, ಕ್ಯೋವೇರ್‌ಸೋಲ್ಯೋ, ಕಬರ್. ಮುಖ್ಯವಾದದ್ದು ಫುರ್ಮಿಂಟ್. ತಡವಾಗಿ ಹಣ್ಣಾಗುತ್ತದೆ, ಹಾಗಾಗಿ ಮಂಜಿನ ಕಾಲಕ್ಕೆ ಗಿಡದಲ್ಲೇ ಇರುತ್ತದೆ. ಹುಳಿ ಜಾಸ್ತಿ, ಹಾಗಾಗಿ ಎಷ್ಟು ಸಿಹಿಯಾದರೂ ನಾಲಿಗೆಗೆ ಜಡವೆನಿಸುವುದಿಲ್ಲ.

ಹೀಗೆ ಸುಕ್ಕಿದ ಕಾಯಿಗೆ ‘ಅಸೂ’ ಎನ್ನುತ್ತಾರೆ. ಒಂದು ಗೊನೆಯ ಎಲ್ಲ ಕಾಯಿ ಒಟ್ಟಿಗೆ ಸುಕ್ಕುವುದಿಲ್ಲ. ಆದ್ದರಿಂದ ಕೂಲಿಯವರು ಅದೇ ಸಾಲಿಗೆ ಮತ್ತೆ ಮತ್ತೆ ಬಂದು ಒಂದೊಂದೇ ಕಾಯಿ ಬಿಡಿಸುತ್ತಾರೆ. ನುರಿತ ಕೈಗೂ ದಿನಕ್ಕೆ ಹತ್ತು ಕಿಲೊ ದಾಟುವುದು ಕಷ್ಟ. ರೊಕ್ಕ ಹೆಚ್ಚಾಗಲು ಮೊದಲ ಕಾರಣ ಈ ಕೂಲಿ. ಬಿಡಿಸಿದ ಕಾಯಿಯನ್ನು ದ್ರಾಕ್ಷಿ ರಸದಲ್ಲೋ ಹುದುಗುತ್ತಿರುವ ರಸದಲ್ಲೋ ಹೊಸ ವೈನ್‌ನಲ್ಲೋ ಒಂದೆರಡು ದಿನ ನೆನೆಸಿ ಹಿಂಡುತ್ತಾರೆ. ಹಳೆಯ ಲೆಕ್ಕ ಹೀಗಿತ್ತು: 136 ಲೀಟರಿನ ಗ್ಯೋಂತ್ಸ್ ಪೀಪಾಯಿಗೆ ಸುಮಾರು 25 ಕಿಲೊ ಹಿಡಿಯುವ ಎಷ್ಟು ಬುಟ್ಟಿ ಅಸೂ ಕಾಯಿ ಸುರಿದರೋ ಅಷ್ಟು ‘ಪುತ್ತೋನ್ಯೋಷ್’. ಆ ಬೆನ್ನಬುಟ್ಟಿಯ ಹೆಸರು ಪುತ್ತೋನ್. ಈಗ ಬುಟ್ಟಿ ಎಣಿಸುವುದಿಲ್ಲ, ಸಕ್ಕರೆ ಅಳೆಯುತ್ತಾರೆ. ಸಕ್ಕರೆ ಇಷ್ಟು ಗಟ್ಟಿ ಇದ್ದರೆ ಈಸ್ಟ್ ಏದುಸಿರು ಬಿಡುತ್ತದೆ. ಹುದುಗುವುದು ನಿಧಾನ, ಆಮೇಲೆ ಓಕ್ ಪೀಪಾಯಿಯಲ್ಲಿ ಕನಿಷ್ಠ 18 ತಿಂಗಳು.

ಮಳೆ ಹೆಚ್ಚಾದ ವರ್ಷ ಕಾಯಿ ಕೊಳೆಯುತ್ತದೆ, ತೀರಾ ಒಣ ವರ್ಷ ಬೂಷ್ಟೇ ಹತ್ತುವುದಿಲ್ಲ. ಹಾಗಾಗಿ ವೈನ್ ತಯಾರಿಸುವ ಎಷ್ಟೋ ಮನೆಗಳು ಕೆಲವು ವರ್ಷ ಅಸೂ ಮಾಡುವುದನ್ನೇ ಬಿಡುತ್ತವೆ. ಬೆಳೆಗಾರರಾದ ನೀವು ಹೋಗುವುದಾದರೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೊದಲ ವಾರದೊಳಗೆ ಹೋಗಿ. ‘ಬಿಡಿಸುವುದನ್ನು ನೋಡಬೇಕು’ ಎಂದು ಮೊದಲೇ ಬರೆದು ಕೇಳಿದರೆ ತೋಟದೊಳಕ್ಕೆ ಕರೆದೊಯ್ಯುವ ಮನೆಗಳಿವೆ. ಮಣ್ಣನ್ನೂ ಕೈಯಲ್ಲಿ ಹಿಡಿದು ನೋಡಿ. ಟೋಕೈ ಊರಿನ ಕೊಪಸ್ ಬೆಟ್ಟದ ಮೇಲೆ ಗಾಳಿ ತಂದು ಹಾಸಿದ ಹಳದಿ ಲೋಯೆಸ್ ಮಣ್ಣು, ಮಾಡ್ ಕಡೆ ಜ್ವಾಲಾಮುಖಿಯ ಬೂದಿಗಲ್ಲು. ಒಂದೇ ಫುರ್ಮಿಂಟ್ ಎರಡು ಕಡೆಯೂ ಬೇರೆ ಬೇರೆ ರುಚಿ ಕೊಡುತ್ತದೆ.

ಪ್ರಶ್ನೆ: ಅಂಗಡಿಯಲ್ಲಿ ಟೋಕೈ ಎಂದು ಬರೆದ ಬಾಟಲಿಗಳು ಹತ್ತಾರು ಬೆಲೆಯಲ್ಲಿವೆ. ಯಾವುದು ಕೊಳ್ಳಬೇಕು? ಊರಿಗೆ ಎಷ್ಟು ತರಬಹುದು?
— ಮೈಸೂರಿನ ಓದುಗರು

‘ಟೋಕೈ’ ಎಂಬುದು ಸೀಮೆಯ ಹೆಸರು ಮಾತ್ರ. ಬಾಟಲಿಯೊಳಗೇನಿದೆ ಎಂದು ಹೇಳುವುದು ಅದರ ಪಕ್ಕದ ಪದ. ‘ಸಾರಜ್’ ಎಂದಿದ್ದರೆ ಸಿಹಿ ಇಲ್ಲದ್ದು, ‘ಏದೆಶ್’ ಎಂದಿದ್ದರೆ ಸಿಹಿ. ‘ಫೇಲ್’ ಸೇರಿದರೆ ಅರೆ: ಫೇಲ್‌ಸಾರಜ್, ಫೇಲೇದೆಶ್. ವಿಮಾನ ನಿಲ್ದಾಣದಲ್ಲಿ ಜನ ಮೋಸಹೋಗುವುದು ಇಲ್ಲೇ. ಟೋಕೈ ಎಂದ ಕೂಡಲೇ ಅಸೂ ಎಂದುಕೊಂಡು ಸಾಧಾರಣ ಅರೆಸಿಹಿ ಬಾಟಲಿ ಹೊತ್ತು ತರುತ್ತಾರೆ. ಅಸೂ ಬೇಕಿದ್ದರೆ ‘ಅಸೂ’ ಎಂಬ ಪದ ಲೇಬಲ್ ಮೇಲೆ ಇರಲೇಬೇಕು, ಬಾಟಲಿ ಸಾಮಾನ್ಯವಾಗಿ ಅರ್ಧ ಲೀಟರಿನದಾಗಿರುತ್ತದೆ.

2013ರ ಬೆಳೆಯಿಂದೀಚೆಗೆ ನಿಯಮ ಬಿಗಿಯಾಗಿದೆ: ಅಸೂ ಎನಿಸಿಕೊಳ್ಳಲು ಲೀಟರಿಗೆ ಕನಿಷ್ಠ 120 ಗ್ರಾಂ ಸಕ್ಕರೆ ಉಳಿದಿರಬೇಕು. 5 ಪುತ್ತೋನ್ಯೋಷ್ ಎಂದರೆ 120, 6 ಎಂದರೆ 150. ಹಳೆಯ ಬಾಟಲಿಗಳಲ್ಲಿ 3, 4 ಎಂದೂ ಕಾಣಬಹುದು, ಅವು ಹಿಂದಿನ ನಿಯಮದವು. ಅಸೂ ಕಾಯಿಯನ್ನು ತೊಟ್ಟಿಯಲ್ಲಿ ರಾಶಿ ಹಾಕಿದಾಗ ತನ್ನ ಭಾರಕ್ಕೇ ಒಸರುವ ರಸ ‘ಎಸೆನ್ಸಿಯಾ’. ಅದರಲ್ಲಿ ಲೀಟರಿಗೆ ಕನಿಷ್ಠ 450 ಗ್ರಾಂ ಸಕ್ಕರೆ, ಆಲ್ಕೊಹಾಲ್ ತೀರಾ ಕಡಿಮೆ. ಅದನ್ನು ಚಮಚದಲ್ಲಿ ಕೊಡುತ್ತಾರೆ. ಅದರ ಬಾಟಲಿ ಕೊಳ್ಳುವ ಖರ್ಚು ಬೇಡ, ನೆಲಮಾಳಿಗೆಯಲ್ಲಿ ಒಂದು ಚಮಚ ಸವಿದರೆ ಸಾಕು.

ನಮ್ಮ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ‘ಸಮೊರೊಡ್ನಿ’. ಸುಕ್ಕಿದ ಕಾಯಿ, ಸುಕ್ಕದ ಕಾಯಿ ಬೇರ್ಪಡಿಸದೆ ಇಡೀ ಗೊನೆಯನ್ನೇ ಹಿಂಡಿ ಮಾಡುವುದು. ಸಿಹಿ ಸಮೊರೊಡ್ನಿಯಲ್ಲಿ ಅಸೂವಿನ ಗುಣ ಬಹಳಷ್ಟು ಇದ್ದು ಬೆಲೆ ಅದಕ್ಕಿಂತ ಕಡಿಮೆ. ಮೊದಲ ಸಲ ಕೊಳ್ಳುವವರು ಒಂದು ಒಳ್ಳೆಯ ತೋಟದ ಸಾರಜ್ ಫುರ್ಮಿಂಟ್, ಒಂದು ಏದೆಶ್ ಸಮೊರೊಡ್ನಿ, ಒಂದು 5 ಪುತ್ತೋನ್ಯೋಷ್ ಅಸೂ ತೆಗೆದುಕೊಂಡರೆ ಇಡೀ ಸೀಮೆಯ ರುಚಿ ಸಿಕ್ಕಂತೆ. ‘ಕೇಶೊಯಿ ಸ್ಯುರೆತೆಲೇಶ್ಯೂ’ ಎಂದಿದ್ದರೆ ತಡವಾಗಿ ಕೊಯ್ದ ಹಣ್ಣಿನ ಸಿಹಿ ವೈನ್. ಹಣ್ಣಿನ ತಾಜಾತನ ಇಷ್ಟಪಡುವವರಿಗೆ ಅದು ಹಿಡಿಸುತ್ತದೆ.

ಭಾರತಕ್ಕೆ ಒಬ್ಬರು ಸುಂಕವಿಲ್ಲದೆ ತರಬಹುದಾದ್ದು 2 ಲೀಟರ್. ಅರ್ಧ ಲೀಟರಿನ ಅಸೂ ಆದರೆ ಸರಿಯಾಗಿ ನಾಲ್ಕು, 750 ಮಿ.ಲೀ. ಬಾಟಲಿ ಆದರೆ ಎರಡೇ. ನೆಲಮಾಳಿಗೆಯಲ್ಲಿ ಕೊಂಡದ್ದು ಕೈಚೀಲದಲ್ಲಿ ಹೋಗುವುದಿಲ್ಲ, ಚೆಕ್-ಇನ್ ಪೆಟ್ಟಿಗೆಗೇ ಹಾಕಬೇಕು. ಪ್ರತಿ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಉಣ್ಣೆ ಬಟ್ಟೆ ಸುತ್ತಿ, ಪೆಟ್ಟಿಗೆಯ ನಡುವೆ ಇಡಿ. ಅಂಚಿಗೆ ಇಟ್ಟದ್ದೇ ಒಡೆಯುವುದು. ದುಬೈ, ದೋಹಾದಲ್ಲಿ ವಿಮಾನ ಬದಲಿಸಿ, ಮುಂಬೈಯಲ್ಲಿ ಇಳಿದು ಮಂಗಳೂರಿಗೆ ಇನ್ನೊಂದು ವಿಮಾನ ಹಿಡಿಯುವವರು ಡ್ಯೂಟಿ-ಫ್ರೀ ಬಾಟಲಿಯನ್ನೂ ಮುಂಬೈಯಲ್ಲಿ ಪೆಟ್ಟಿಗೆಗೆ ಸೇರಿಸಿಕೊಳ್ಳಿ. ಇಲ್ಲವಾದರೆ ದೇಶೀಯ ಭದ್ರತಾ ತಪಾಸಣೆಯಲ್ಲಿ ಬಿಟ್ಟು ಹೋಗಬೇಕಾದೀತು.

ಮನೆಯಲ್ಲಿ ಅಡುಗೆಮನೆಯ ಕಪಾಟಿನಲ್ಲಿ ಇಡಬೇಡಿ, ನಮ್ಮ ಬೇಸಿಗೆಯ ಶಾಖ ಅದನ್ನು ಕೆಡಿಸುತ್ತದೆ. ಫ್ರಿಜ್ ಬಾಗಿಲಿಗಿಂತ ಒಳಗಿನ ಕೆಳ ಅರೆ ವಾಸಿ. ಕುಡಿಯುವ ಇಪ್ಪತ್ತು ನಿಮಿಷ ಮುಂಚೆ ಹೊರಗೆ ತೆಗೆಯಿರಿ. ಅಸೂ ತೀರಾ ತಣ್ಣಗಿದ್ದರೆ ಪರಿಮಳ ಬಿಡುವುದಿಲ್ಲ, 12 ಡಿಗ್ರಿ ಹತ್ತಿರ ಸರಿ. ಸಕ್ಕರೆ ಹೆಚ್ಚಿರುವುದರಿಂದ ತೆರೆದ ಅಸೂ ಬಿರಡೆ ಹಾಕಿ ಫ್ರಿಜ್‌ನಲ್ಲಿ ಒಂದೆರಡು ವಾರ ಚೆನ್ನಾಗಿಯೇ ಉಳಿಯುತ್ತದೆ. ಸಾರಜ್ ಫುರ್ಮಿಂಟ್ ಮಾತ್ರ ಎರಡು-ಮೂರು ದಿನದಲ್ಲಿ ಮುಗಿಸಬೇಕು.

ಪ್ರಶ್ನೆ: ರುಚಿ ನೋಡುವ ಕ್ರಮ ಗೊತ್ತಿಲ್ಲ. ಸೀದಾ ಹೋಗಿ ಬಾಗಿಲು ತಟ್ಟಬಹುದೇ?
— ಹುಬ್ಬಳ್ಳಿಯ ಓದುಗರು

ಟೋಕೈ ಪೇಟೆಯಲ್ಲಿ ಸೀದಾ ಒಳಹೋಗುವಂಥ ಅಂಗಡಿ-ನೆಲಮಾಳಿಗೆಗಳಿವೆ. ಮಾಡ್, ತರ್ತ್ಸಲ್, ತೋಲ್ಚ್ವಾದಂಥ ಹಳ್ಳಿಗಳಲ್ಲಿ ಹಾಗಲ್ಲ. ಒಳ್ಳೆಯ ಮನೆಗಳು ಬಹಳ ಚಿಕ್ಕವು, ನಿಮಗೆ ರುಚಿ ತೋರಿಸುವವರೇ ತೋಟದಲ್ಲೂ ದುಡಿಯುತ್ತಿರುತ್ತಾರೆ. ಒಂದೆರಡು ವಾರ ಮುಂಚೆ ಇಮೇಲ್ ಬರೆಯಿರಿ: ಎಷ್ಟು ಜನ, ಯಾವ ದಿನ, ಎಷ್ಟು ಗಂಟೆ, ಇಂಗ್ಲಿಷ್ ಬೇಕೆಂದು, ಕುಡಿಯದವರು ಎಷ್ಟು ಮಂದಿ ಎಂದು. ಉತ್ತರ ಬಾರದಿದ್ದರೆ ಒಪ್ಪಿದ್ದಾರೆಂದು ತಿಳಿಯಬೇಡಿ, ಇನ್ನೊಂದು ಸಲ ಬರೆಯಿರಿ. ತಡವಾದರೆ ಫೋನ್ ಮಾಡಿ, ನಿಮ್ಮ ಹಿಂದೆ ಇನ್ನೊಂದು ತಂಡ ಇರುತ್ತದೆ.

ಸಾಮಾನ್ಯವಾಗಿ ಐದಾರು ಬಗೆ ಕೊಡುತ್ತಾರೆ, ಒಂದೊಂದು ಸುಮಾರು 50 ಮಿ.ಲೀ. ಆರಕ್ಕೆ 300 ಮಿ.ಲೀ. ಆಯಿತು, ಮಾಮೂಲು ಬಾಟಲಿಯ ಐದರಲ್ಲಿ ಎರಡು ಪಾಲು. ಇಂಥ ಎರಡು ನೆಲಮಾಳಿಗೆ ಮಾಡಿದರೆ ದಿನ ಮುಗಿಯಿತು ಎಂದಿಟ್ಟುಕೊಳ್ಳಿ. ಮೂರನೆಯದರ ಹೊತ್ತಿಗೆ ನಾಲಿಗೆ ಏನನ್ನೂ ಗುರುತಿಸುವುದಿಲ್ಲ, ಕೊಟ್ಟ ದುಡ್ಡು ದಂಡ. ಬಾಯಿಗೆ ತೆಗೆದುಕೊಂಡು ಉಗುಳಲು ಪಾತ್ರೆ ಇಟ್ಟಿರುತ್ತಾರೆ. ಉಗುಳುವುದು ಅಗೌರವ ಎಂಬ ಸಂಕೋಚ ಬೇಡ, ಆ ಕಸುಬಿನವರು ಮಾಡುವುದೇ ಅದು.

ಕ್ರಮ ಯಾವಾಗಲೂ ಒಂದೇ: ಮೊದಲು ಸಾರಜ್ ಫುರ್ಮಿಂಟ್, ಆಮೇಲೆ ಹಾರ್ಶ್‌ಲೆವೆಲ್ಯೂ, ಮಸ್ಕಟ್, ತಡ ಕೊಯ್ಲಿನದು, ಸಮೊರೊಡ್ನಿ, ಕೊನೆಗೆ ಅಸೂ. ಸಿಹಿ ಮೊದಲು ಕುಡಿದರೆ ಫುರ್ಮಿಂಟ್ ಬರೀ ಹುಳಿ ಎನಿಸುತ್ತದೆ. ಎರಡರ ನಡುವೆ ನೀರು ಕುಡಿಯಿರಿ, ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಆ ದಿನ ಸೆಂಟ್ ಹಾಕಿಕೊಳ್ಳಬೇಡಿ, ನಿಮಗೂ ಪಕ್ಕದವರಿಗೂ ಪರಿಮಳ ತಿಳಿಯದೆ ಹೋಗುತ್ತದೆ. ಜುಲೈ ಬಿಸಿಲಲ್ಲೂ ಸ್ವೆಟರ್ ಜೊತೆಗಿರಲಿ: ನೆಲಮಾಳಿಗೆಯೊಳಗೆ ವರ್ಷವಿಡೀ 10–12 ಡಿಗ್ರಿ. ಮೆಟ್ಟಿಲು ಕಡಿದು, ತೇವಕ್ಕೆ ಜಾರುತ್ತವೆ, ಹಿಡಿತವಿರುವ ಚಪ್ಪಲಿ-ಬೂಟು ಬೇಕು. ಗೋಡೆ, ಬಾಟಲಿಗಳ ಮೇಲೆ ದಪ್ಪ ಕಪ್ಪು ಬೂಷ್ಟು ಕಂಡು ಗಲೀಜೆಂದು ಮುಖ ಸಿಂಡರಿಸಬೇಡಿ. ಪೀಪಾಯಿಯಿಂದ ಆವಿಯಾದ ಆಲ್ಕೊಹಾಲ್ ಉಂಡು ಬದುಕುವ ಆ ಶಿಲೀಂಧ್ರವನ್ನು ಅಲ್ಲಿನವರು ಅಕ್ಕರೆಯಿಂದ ಕಾಪಾಡುತ್ತಾರೆ, ಕೈಯಿಂದ ಕೆರೆಯಬಾರದು.

ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ, ರುಚಿ ನೋಡಲು ಹಣ ಕೊಟ್ಟಿರುತ್ತೀರಿ. ಆದರೂ ಚಿಕ್ಕ ಮನೆಯವರು ಎರಡು ಗಂಟೆ ಕೂತು ವಿವರಿಸಿದರೆ ಒಂದು ಬಾಟಲಿ ಕೊಳ್ಳುವುದು ಮರ್ಯಾದೆ.

ಪ್ರಶ್ನೆ: ಅಪ್ಪ-ಅಮ್ಮ ಜೊತೆಗಿದ್ದಾರೆ, ಎಪ್ಪತ್ತು ದಾಟಿದವರು. ಮದ್ಯ ಮುಟ್ಟುವುದಿಲ್ಲ, ಶುದ್ಧ ಸಸ್ಯಾಹಾರಿಗಳು. ಅವರಿಗೆ ಅಲ್ಲಿ ಬೇಜಾರಾಗುವುದಿಲ್ಲವೇ? ತಿನ್ನಲು ಏನು ಸಿಗುತ್ತದೆ?
— ಶಿವಮೊಗ್ಗದ ಓದುಗರು

ಬೇಜಾರಾಗದು. ಈ ಸೀಮೆ 2002ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಶತಮಾನಗಳಿಂದ ದ್ರಾಕ್ಷಿ ಬೆಳೆದ ನೆಲ, ಹಳ್ಳಿ, ನೆಲಮಾಳಿಗೆಗಳ ಒಟ್ಟು ನೋಟಕ್ಕಾಗಿ. 1737ರಲ್ಲೇ ರಾಜಾಜ್ಞೆಯಿಂದ ಇದರ ಗಡಿ ಗುರುತಿಸಿದ್ದರು. ಹಂಗೇರಿಯ ರಾಷ್ಟ್ರಗೀತೆಯಲ್ಲೂ ಟೋಕೈಯ ದ್ರಾಕ್ಷಿ ಬಳ್ಳಿಯ ಮಾತು ಬರುತ್ತದೆ.

ಹಿರಿಯರಿಗೆ ಶಾರೋಶ್‌ಪಟಕ್‌ನಲ್ಲಿ ಅರ್ಧ ದಿನ ಕೊಡಿ. ಬೊದ್ರೊಗ್ ದಂಡೆಯ ರಾಕೋತ್ಸಿ ಕೋಟೆ ನಿಮ್ಮ ಕೈಯಲ್ಲಿರುವ 500 ಫೋರಿಂಟ್ ನೋಟಿನ ಹಿಂಬದಿಯಲ್ಲೇ ಇದೆ. ಕೆಂಪು ಗೋಪುರದ ಮೆಟ್ಟಿಲು ಅವರಿಗೆ ಕಷ್ಟ, ಕೆಳಗಿನ ಅಂಗಳ, ಕೋಣೆಗಳು, ನದಿಯ ಬದಿಯ ತೋಟ ಸಾಕು. 1531ರಲ್ಲಿ ಶುರುವಾದ ರಿಫಾರ್ಮ್ಡ್ (ಪ್ರೊಟೆಸ್ಟಂಟ್ ಪಂಥದ) ಕಾಲೇಜು ಇದೇ ಊರಿನಲ್ಲಿದೆ. ಚೆಕ್ ಶಿಕ್ಷಣತಜ್ಞ ಕೊಮೆನಿಯಸ್ 1650ರಿಂದ 1654ರವರೆಗೆ ಇಲ್ಲಿ ಪಾಠ ಹೇಳಿದರು. ಅದರ ಹಳೆಯ ಗ್ರಂಥಾಲಯ ತಪ್ಪಿಸಿಕೊಳ್ಳಬಾರದು. ಮೇಷ್ಟರಾಗಿದ್ದ ಹಿರಿಯರಾದರೆ ಅಲ್ಲಿಂದ ಎಬ್ಬಿಸುವುದೇ ಕಷ್ಟವಾದೀತು.

ರೈಲಿನ ಕೊನೆಯ ನಿಲ್ದಾಣ ಶಾತೊರಾಯಊಯ್‌ಹೇಯ್. ಅಲ್ಲಿಂದ ಸ್ವಲ್ಪ ದೂರದ ಸೇಪ್‌ಹಲೊಮ್‌ನಲ್ಲಿ ಹಂಗೇರಿಯನ್ ಭಾಷೆಗೆಂದೇ ಕಟ್ಟಿದ ವಸ್ತುಸಂಗ್ರಹಾಲಯವಿದೆ. ಭಾಷೆಯನ್ನು ಹೊಸ ಕಾಲಕ್ಕೆ ಸಜ್ಜುಗೊಳಿಸಲು ದುಡಿದ ಫೆರೆಂತ್ಸ್ ಕಜಿಂತ್ಸಿ (1759–1831) ಬದುಕಿದ ಜಾಗ, ಅವರ ಸಮಾಧಿಯೂ ಅಲ್ಲೇ. ಭಾಷೆಯ ಬಗ್ಗೆ ಪ್ರೀತಿ ಇರುವ ಕನ್ನಡಿಗರು ನೋಡಲೇಬೇಕಾದದ್ದು. ಮಕ್ಕಳಿದ್ದರೆ ಶಾತೊರಾಯಊಯ್‌ಹೇಯ್ ಊರಿನ ಸಾಹಸ ಉದ್ಯಾನದ ಚೇರ್‌ಲಿಫ್ಟ್, 2024ರಲ್ಲಿ ತೆರೆದ 700 ಮೀಟರಿಗೂ ಉದ್ದದ ತೂಗುಸೇತುವೆ ಇವೆ. ಗಾಳಿ ಜೋರಿದ್ದರೆ ಇಂಥವನ್ನು ನಿಲ್ಲಿಸುತ್ತಾರೆ, ಬೆಳಗ್ಗೆ ಜಾಲತಾಣ ನೋಡಿಕೊಂಡು ಹೊರಡಿ. ಉತ್ತರಕ್ಕೆ ಪಾಲ್‌ಹಾಜಾದಲ್ಲಿ 1888ರ ಪುಟ್ಟ ಕಾಡಿನ ರೈಲು ಋತುವಿನಲ್ಲಿ ಓಡುತ್ತದೆ.

ಮಾಡ್ ಹಳ್ಳಿಯಲ್ಲಿ 1795ರ ಯೆಹೂದಿ ಪ್ರಾರ್ಥನಾ ಮಂದಿರವನ್ನು ಅಂದವಾಗಿ ಜೀರ್ಣೋದ್ಧಾರ ಮಾಡಿದ್ದಾರೆ. ಟೋಕೈ ವೈನ್ ಯುರೋಪಿನಾಚೆಗೂ ಹೋಗಲು ಯೆಹೂದಿ ವರ್ತಕರ ದುಡಿಮೆ ದೊಡ್ಡದು. 1944ರಲ್ಲಿ ಆ ಸಮುದಾಯವನ್ನು ಸಾವಿನ ಶಿಬಿರಗಳಿಗೆ ಸಾಗಿಸಿದರು. ಒಳಗೆ ಮೌನವಾಗಿ ಕೂತು ಬನ್ನಿ. ಹೆರ್ತ್ಸೆಗ್‌ಕೂಟ್‌ನಲ್ಲಿ ಜರ್ಮನ್ ವಲಸಿಗರು ಗುಡ್ಡ ಕೊರೆದು ಮಾಡಿದ ನೆಲಮಾಳಿಗೆಗಳ ತ್ರಿಕೋನ ಮುಖಗಳು ಸಾಲು ಸಾಲಾಗಿವೆ, ಹೊರಗಿನಿಂದ ನೋಡಲು ಹಣ ಬೇಕಿಲ್ಲ. ನಡೆಯಬಲ್ಲವರಾದರೆ ಶಾರೋಶ್‌ಪಟಕ್ ಪಕ್ಕದ ಮೆದ್ಯೆರ್ ಬೆಟ್ಟ ಹತ್ತಬೇಕು. ಶತಮಾನಗಳ ಕಾಲ ಬೀಸುಗಲ್ಲು ತೆಗೆದ ಗಣಿಯಲ್ಲಿ ಈಗ ನೀರು ನಿಂತು ಕೊಳವಾಗಿದೆ. ಮಳೆ ಬಂದ ಮರುದಿನ ಕಲ್ಲಂಚು ಜಾರುತ್ತದೆ, ಹಿರಿಯರಿಗೆ ಇದು ಬೇಡ.

ಊಟದ ವಿಷಯದಲ್ಲಿ ಎಚ್ಚರ ಬೇಕು, ಏಕೆಂದರೆ ಹಂಗೇರಿಯ ಹಳ್ಳಿ ಅಡುಗೆಯಲ್ಲಿ ಹಂದಿಕೊಬ್ಬು ಎಣ್ಣೆಯ ಸ್ಥಾನದಲ್ಲಿದೆ. ತರಕಾರಿಯದೇ ಖಾದ್ಯವಾದರೂ ಒಗ್ಗರಣೆ ಅದರಲ್ಲಿರಬಹುದು. ‘ವೆಗೆತಾರಿಯಾನುಶ್’ ಎಂದಷ್ಟೇ ಹೇಳಿದರೆ ಮಾಂಸದ ತುಂಡು ತೆಗೆದು ಕೊಡುತ್ತಾರೆ, ಕೊಬ್ಬು ಉಳಿಯುತ್ತದೆ. ‘ಹೂಶ್ ನೇಲ್ಕ್ಯುಲ್, ಝೀರ್ ನೇಲ್ಕ್ಯುಲ್’, ಅಂದರೆ ಮಾಂಸವೂ ಬೇಡ, ಕೊಬ್ಬೂ ಬೇಡ, ಎಂದು ಚೀಟಿಯಲ್ಲಿ ಬರೆದು ತೋರಿಸಿ. ಮೊಸರು ಗಿಣ್ಣಿನ ‘ತೂರೋಶ್ ಚುಸಾ’ ನೂಡಲ್ಸ್ ಮೇಲೆ ಹಂದಿಯ ಚೂರು ಉದುರಿಸುತ್ತಾರೆ, ಮೊದಲೇ ಬೇಡ ಎನ್ನಬೇಕು. ‘ಲೆಚೋ’ ಎಂಬ ಟೊಮೆಟೊ-ದಪ್ಪಮೆಣಸಿನಕಾಯಿ ಪಲ್ಯದಲ್ಲಿ ಸಾಸೇಜ್ ಇರಬಹುದು. ರುಚಿ ನೋಡುವಾಗ ಕೊಡುವ ಉಪ್ಪು ಬನ್ನು ‘ಪೊಗಾಚಾ’ದಲ್ಲೂ ಕೊಬ್ಬು ಇರಬಹುದು. ಹೆಚ್ಚು ನಂಬಬಹುದಾದವು ಕರಿದ ಚೀಸ್, ತಣ್ಣನೆಯ ಹಣ್ಣಿನ ಸೂಪ್, ಬೆಳ್ಳುಳ್ಳಿ ಸವರಿದ ಲಾಂಗೋಶ್ ಎಂಬ ಕರಿದ ರೊಟ್ಟಿ (ಯಾವ ಎಣ್ಣೆಯಲ್ಲಿ ಕರಿದದ್ದು ಎಂದು ಕೇಳಿ), ಗಿಣ್ಣಿನ ಸಿಹಿ ಉಂಡೆ. ಚೀಸ್‌ಗೆ ಪ್ರಾಣಿಮೂಲದ ಹೆಪ್ಪು ಹಾಕಿರಬಹುದಾದ್ದರಿಂದ ಕಟ್ಟುನಿಟ್ಟಿನವರಿಗೆ ಅದೂ ಒಲ್ಲದು. ಅಂಥವರಿದ್ದರೆ ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಹಿಡಿದು, ಬೇಳೆ, ಅವಲಕ್ಕಿ, ಸಾರಿನ ಪುಡಿ ಒಯ್ಯಿರಿ. ಅಕ್ಕಿ, ತರಕಾರಿ, ಮೊಸರು ಊರಿನ ಅಂಗಡಿಯಲ್ಲೇ ಸಿಗುತ್ತವೆ.

ಹೆಚ್ಚಿನ ನೆಲಮಾಳಿಗೆಗಳಲ್ಲಿ ಕುಡಿಯದವರಿಗೆ ದ್ರಾಕ್ಷಿ ರಸ ಕೊಡುತ್ತಾರೆ. ಕೊಯ್ಲಿನ ಕಾಲವಾದರೆ ಆಗಷ್ಟೇ ಹಿಂಡಿದ್ದು. ಎಷ್ಟು ದಿನದ್ದು ಎಂದು ಕೇಳಿ ತೆಗೆದುಕೊಳ್ಳಿ, ಹುದುಗಲು ಶುರುವಾದ ರಸದಲ್ಲಿ ಆಲ್ಕೊಹಾಲ್ ಇರುತ್ತದೆ.

ಪ್ರಶ್ನೆ: ಮ್ಯೂನಿಕ್‌ನಲ್ಲಿ ನೆಲೆಸಿದ್ದೇವೆ. ಕಾರಿನಲ್ಲೇ ಟೋಕೈಗೆ ಹೋಗುವ ಆಲೋಚನೆ. ಬರುವ ಭಾವ-ಅಕ್ಕ ಭಾರತದ ಲೈಸೆನ್ಸ್‌ನಲ್ಲಿ ಓಡಿಸಬಹುದೇ?
— ಜರ್ಮನಿಯ ಕನ್ನಡಿಗ ಓದುಗರು

ದೂರ ಸುಮಾರು 900 ಕಿ.ಮೀ. ಒಂದೇ ದಿನಕ್ಕೆ ಹೆಚ್ಚಾಯಿತು, ವಿಯೆನ್ನಾ ಅಥವಾ ಬುಡಾಪೆಸ್ಟ್‌ನಲ್ಲಿ ತಂಗಿ. ಆಸ್ಟ್ರಿಯಾಕ್ಕೂ ಹಂಗೇರಿಗೂ ಬೇರೆ ಬೇರೆ ವಿಗ್ನೆಟ್, ಅಂದರೆ ಹೆದ್ದಾರಿ ಸುಂಕದ ಪರವಾನಗಿ, ಬೇಕು. ಹಂಗೇರಿಯದು ಅಂಟಿಸುವ ಚೀಟಿಯಲ್ಲ, ಕಾರಿನ ನಂಬರಿಗೆ ಕೊಳ್ಳುವ ಎಲೆಕ್ಟ್ರಾನಿಕ್ ಪರವಾನಗಿ, 10 ದಿನದ್ದು ಸಿಗುತ್ತದೆ. ನಂಬರಿನಲ್ಲಿ ಒಂದು ಅಕ್ಷರ ತಪ್ಪಿದರೂ, ದೇಶ ತಪ್ಪಾಗಿ ಆರಿಸಿದರೂ ಕ್ಯಾಮೆರಾ ನಿಮ್ಮನ್ನು ಹಣ ಕಟ್ಟದವರೆಂದೇ ಓದುತ್ತದೆ, ದಂಡ ಮನೆಗೆ ಬರುತ್ತದೆ. ಹೆದ್ದಾರಿ ಹತ್ತುವ ಮುಂಚೆ ಕೊಂಡು, ರಸೀದಿಯನ್ನು ಕಾರಿನ ಕಾಗದದ ಜೊತೆ ಹೋಲಿಸಿ ನೋಡಿ. ಬುಡಾಪೆಸ್ಟ್‌ನಿಂದ ಎಂ3, ಆಮೇಲೆ ಎಂ30 ಹಿಡಿದು ಮಿಶ್ಕೋಲ್ತ್ಸ್, ಅಲ್ಲಿಂದ 37ನೇ ರಸ್ತೆ. ಶಾರೋಶ್‌ಪಟಕ್‌ಗೂ ಅದೇ ರಸ್ತೆ, ಟೋಕೈಗೆ ನಡುವೆ 38ಕ್ಕೆ ತಿರುಗಬೇಕು.

ಭಾವನವರು ಭಾರತದ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಊರಿನ ಆರ್‌ಟಿಒದಲ್ಲಿ ಮಾಡಿಸಿಕೊಂಡು ಬರಲಿ. ನಿಮ್ಮ ಕಾರಿನ ವಿಮೆಯಲ್ಲಿ ಅವರ ಹೆಸರಿಗೆ ಅವಕಾಶ ಇದೆಯೇ ಎಂದೂ ನೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಹಂಗೇರಿಯಲ್ಲಿ ಕಾರು ಓಡಿಸುವವರ ರಕ್ತದಲ್ಲಿ ಆಲ್ಕೊಹಾಲ್ ಸೊನ್ನೆ ಇರಬೇಕು. ಜರ್ಮನಿಯಂತೆ ಸಾವಿರಕ್ಕೆ 0.5ರ ಸಡಿಲ ಇಲ್ಲ. ‘ಒಂದೇ ಗುಟುಕು’ ಎಂಬುದೂ ಅಪರಾಧವೇ. ಉಗುಳಿದರೂ ಒಂದಿಷ್ಟು ಒಳಗೆ ಹೋಗಿಯೇ ಇರುತ್ತದೆ. ಆ ದಿನ ಓಡಿಸುವವರು ಯಾರೆಂದು ಬೆಳಗ್ಗೆಯೇ ತೀರ್ಮಾನಿಸಿ, ಅವರು ರಸ ಮಾತ್ರ ಕುಡಿಯಲಿ. ಇಲ್ಲವೇ ಮಾಡ್‌ನಲ್ಲಿ ವಸತಿ ಹಿಡಿದು ಕಾರು ನಿಲ್ಲಿಸಿಬಿಡಿ. ಅಲ್ಲಿ ಹಲವು ಒಳ್ಳೆಯ ಮನೆಗಳು ನಡಿಗೆಯ ದೂರದಲ್ಲೇ ಇವೆ. ನಮ್ಮ ಆಯ್ಕೆ ಇದು.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು? ನನಗೆ ಸಕ್ಕರೆ ಕಾಯಿಲೆ ಇದೆ, ಅಸೂ ರುಚಿ ನೋಡಬಹುದೇ?
— ಉಡುಪಿಯ ಓದುಗರು

ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ ಸೀಮೆಗೆ ಜೀವ ಬಂದಿರುತ್ತದೆ. ಟೋಕೈ ಊರಿನ ಕೊಯ್ಲು ಹಬ್ಬವೂ ಆಗಲೇ. ಜನ ಕಡಿಮೆ ಇರಲಿ ಎನ್ನುವವರಿಗೆ ಮೇ-ಜೂನ್. ಏಪ್ರಿಲ್-ಮೇ ನಡುವೆ ಕೆಲವು ದಿನ ಎಚ್ಚರ: ಬೊದ್ರೊಗ್‌ಕೆರೆಸ್ತೂರ್‌ನಲ್ಲಿರುವ ರಬ್ಬಿ ಯೆಶಾಯಾ ಶ್ಟೈನರ್ ಅವರ ಸಮಾಧಿಗೆ ಪುಣ್ಯತಿಥಿಯಂದು ಲೋಕದ ಮೂಲೆಮೂಲೆಯಿಂದ ಯೆಹೂದಿ ಯಾತ್ರಿಕರು ಬರುತ್ತಾರೆ, ಸುತ್ತಲಿನ ಊರುಗಳಲ್ಲೆಲ್ಲ ಕೋಣೆ ಸಿಗುವುದಿಲ್ಲ. ಹೀಬ್ರೂ ಪಂಚಾಂಗದ ಇಯ್ಯಾರ್ 3 ಆ ದಿನ, ಪ್ರತಿ ವರ್ಷ ನಮ್ಮ ಕ್ಯಾಲೆಂಡರಿನಲ್ಲಿ ಬದಲಾಗುತ್ತದೆ. ನವೆಂಬರ್ ಮಧ್ಯದಿಂದ ಮಾರ್ಚ್‌ವರೆಗೆ ಎಷ್ಟೋ ಊಟದ ಮನೆಗಳು ಮುಚ್ಚಿರುತ್ತವೆ, ನೆಲಮಾಳಿಗೆಗೆ ಹೇಳಿಟ್ಟೇ ಹೋಗಬೇಕು. ಆಗಸ್ಟ್ 20, ಅಕ್ಟೋಬರ್ 23, ನವೆಂಬರ್ 1 ರಾಷ್ಟ್ರೀಯ ರಜೆಗಳು. ಅಂಗಡಿ ಬಾಗಿಲು ಹಾಕಿರುತ್ತದೆ, ಹಿಂದಿನ ದಿನವೇ ದಿನಸಿ ತಂದಿಟ್ಟುಕೊಳ್ಳಿ.

ಸಕ್ಕರೆಯ ಲೆಕ್ಕ ಹೀಗೆ. 5 ಪುತ್ತೋನ್ಯೋಷ್ ಅಸೂ 50 ಮಿ.ಲೀ.ನಲ್ಲಿ 6 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು, 6 ಪುತ್ತೋನ್ಯೋಷ್ ಆದರೆ ಏಳೂವರೆ ಗ್ರಾಂ. ಎಸೆನ್ಸಿಯಾ 15 ಮಿ.ಲೀ. ಚಮಚ ಒಂದಕ್ಕೇ ಸುಮಾರು 7 ಗ್ರಾಂ. ಸಾರಜ್ ಫುರ್ಮಿಂಟ್‌ನಲ್ಲಿ ಸಕ್ಕರೆ ಬಹಳ ಕಡಿಮೆ. ಆದರೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರಲ್ಲಿ ಆಲ್ಕೊಹಾಲ್ ಗಂಟೆಗಳ ನಂತರ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು, ರಾತ್ರಿ ಮಲಗಿದಾಗ ಅದು ಗೊತ್ತಾಗುವುದಿಲ್ಲ. ಹೊರಡುವ ಮುಂಚೆ ನಿಮ್ಮ ವೈದ್ಯರನ್ನು ಕೇಳಿ. ಅವರು ಒಪ್ಪಿದರೆ ಊಟದ ಜೊತೆಗೆ, ಒಂದೇ ಬಗೆಯ ಅಸೂವನ್ನು ಒಂದೆರಡು ಗುಟುಕು ಸವಿದು ಉಗುಳಿ. ಅಂದು ರಾತ್ರಿ ಗ್ಲೂಕೊಮೀಟರ್ ಹಾಸಿಗೆಯ ಪಕ್ಕದಲ್ಲೇ ಇರಲಿ, ಜೊತೆಯವರಿಗೂ ಹೇಳಿಟ್ಟಿರಿ.